ಹಾಲುಕಟ್ಟೆಯ ಬಳಿ ನಿಂತ ಲಾರಿ

ಹಾಲು, ಕುರಿ, ಸುಣ್ಣ, ಕಲ್ಲಿದ್ದಲುಗಳನ್ನು ಹೊತ್ತು ವೇಲ್ಸಿನ ಬೆಟ್ಟದ ಹಾದಿಗಳನ್ನು ಏದುಸಿರಿನಿಂದ ಏರಿದ ಲಾರಿಗಳು ಈಗ ಬಣ್ಣ ಬಳಿಸಿಕೊಂಡು ಉತ್ಸವಮೂರ್ತಿಗಳಾಗಿವೆ. ಆ ಕಬ್ಬಿಣದೊಳಗೆ ಅಡಗಿರುವುದು ಎಂಜಿನಿನ ಚರಿತ್ರೆ ಮಾತ್ರವಲ್ಲ. ಒಂದು ನಾಡಿನ ಪರಸ್ಪರ ನಂಬಿಕೆಯ ಚರಿತ್ರೆ.

ಜನವರಿಯ ನಸುಕು, 1950ರ ದಶಕದ ಪಶ್ಚಿಮ ವೇಲ್ಸ್. ಕಾರ್ಡಿಗನ್‌ಶೈರ್ ಸೀಮೆಯ ಇಕ್ಕಟ್ಟಾದ ಓಣಿಯೊಂದು ದೊಡ್ಡ ರಸ್ತೆಯನ್ನು ಕೂಡುವ ಮೂಲೆಯಲ್ಲಿ, ಬೇಲಿಯ ಕಂಟಿಗಳ ಮೇಲೆ ಇಬ್ಬನಿಯು ಹೆಪ್ಪುಗಟ್ಟಿ ಬೆಳ್ಳಗೆ ನಿಂತಿರಲು, ಕಲ್ಲುಕಟ್ಟೆಯೊಂದರ ಮೇಲೆ ಆರು ಹಾಲಿನ ಕ್ಯಾನುಗಳು ಸಾಲಾಗಿ ಕಾದಿವೆ. ಅವುಗಳ ಕಾವಲಿಗೆ ನರಪಿಳ್ಳೆಯೂ ಇಲ್ಲ. ಒಕ್ಕಲುಮನೆಯ ಹೆಸರನ್ನೂ ಹಾಲಿನ ಅಳತೆಯನ್ನೂ ಬರೆದ ಚೀಟಿಗಳನ್ನು ಕಟ್ಟಿ, ಹಾಲು ಕರೆದವನು ತನ್ನ ಕೊಟ್ಟಿಗೆಗೆ ಹಿಂದಿರುಗಿ ಅರ್ಧ ಗಂಟೆಯಾಗಿದೆ.

ಏರಿನ ಆಚೆ ಗೇರು ಬದಲಾದ ನರಳಿಕೆ ಮೊದಲು ಕಿವಿಗೆ ಬೀಳುತ್ತದೆ. ಅನಂತರ ಮಂಜಿನೊಳಗೆ ಎರಡು ಮಂಕು ದೀಪಗಳು ತೋರುತ್ತವೆ. ಕಡೆಗೆ ಬೆಡ್‌ಫರ್ಡ್ ಲಾರಿಯೊಂದರ ದುಂಡುಮೂತಿ ಕಟ್ಟೆಯ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಹಳೆಯ ಸೈನಿಕ ಕೋಟು ತೊಟ್ಟ ಚಾಲಕನು ಇಳಿದು, ತುಂಬಿದ ಕ್ಯಾನನ್ನು ತುಸುವೇ ಓರೆಮಾಡಿ, ಅದರ ಅಡಿಯಂಚಿನ ಮೇಲೆಯೇ ಬುಗುರಿಯಂತೆ ತಿರುಗಿಸುತ್ತ, ಕಟ್ಟೆಯಿಂದ ಲಾರಿಯ ಹಲಗೆಗೆ ಸಾಗಿಸುತ್ತಾನೆ.

ಹತ್ತು ಗ್ಯಾಲನ್, ಎಂದರೆ ಸುಮಾರು 45 ಲೀಟರ್ ಹಾಲು ಹಿಡಿಯುವ ಆ ಪಾತ್ರೆಯ ತೂಕ, ತುಂಬಿದಾಗ, ಅರ್ಧ ಕ್ವಿಂಟಾಲಿಗೂ ಮಿಗಿಲು. ಒಂದು ಮುಂಜಾವಿನಲ್ಲಿ ಅಂಥ ಹತ್ತಾರು ಕ್ಯಾನುಗಳನ್ನು ಒಬ್ಬನೇ ಮನುಷ್ಯನು ಎತ್ತುವುದು ಸಾಧ್ಯವಾಗುತ್ತಿರಲಿಲ್ಲ. ಆದರೆ ಎತ್ತುವ ಅಗತ್ಯವೇ ಬೀಳದಂತೆ, ಲಾರಿಯ ಹಲಗೆ ಎಷ್ಟು ಎತ್ತರವೋ ಅಷ್ಟೇ ಎತ್ತರಕ್ಕೆ ರೈತನು ತನ್ನ ಕಟ್ಟೆಯನ್ನು ಕಟ್ಟಿಕೊಂಡಿದ್ದನು. ಅಂಚಿಗೆ ಅಂಚು ಕೂಡುತ್ತಿತ್ತು.

ತುಂಬಿದವು ಹೋದವು, ಬರಿದಾದವು ಅದೇ ಜಾಗದಲ್ಲಿ ಕುಳಿತವು. ನಿನ್ನೆ ಕೇಳಿಕೊಂಡಿದ್ದ ಬೆಣ್ಣೆಯ ಪೊಟ್ಟಣವೊಂದು ಕ್ಯಾನಿನ ಮಗ್ಗುಲಲ್ಲಿ ಉಳಿಯಿತು. ಮಾತಿಲ್ಲ, ರುಜುವಿಲ್ಲ, ಸಾಕ್ಷಿಯಿಲ್ಲ. ಲಾರಿಯು ಮುಂದಿನ ಕಟ್ಟೆಯ ಕಡೆಗೆ ನಡೆಯಿತು.

ಮೇ ತಿಂಗಳ ತೇರು

ಈ ದೃಶ್ಯವು ಕಣ್ಮರೆಯಾಗಿ ನಾಲ್ಕು ದಶಕಗಳೇ ಮೀರಿವೆ. ಆದರೂ ಮೇ ತಿಂಗಳ ಆರಂಭದ ರಜಾದಿನಗಳಲ್ಲಿ, ಉತ್ತರ ವೇಲ್ಸಿನ ಕಡಲತೀರದ ಲ್ಯಾಂಡಿಡ್ನೊ ಪಟ್ಟಣದಲ್ಲಿ ಹಳೆಯ ವಾಹನಗಳ ಉತ್ಸವವು ನೆರೆಯುವಾಗ, ಆ ಮುಂಜಾವಿನ ಲಾರಿಗಳೆಲ್ಲವೂ ಮತ್ತೊಮ್ಮೆ ಉಸಿರು ಪಡೆದಂತೆ ತೋರುವುದು.

ಹಿತ್ತಾಳೆಯ ಬಿಲ್ಲೆಗಳು ಹೊಳೆಯುತ್ತಿರುತ್ತವೆ. ಬಾಗಿಲ ಮೇಲೆ ಒಡೆಯನ ಹೆಸರೂ ಊರೂ ನೆರಳುಗಟ್ಟಿದ ಚಿನ್ನದ ಬಣ್ಣದ ಅಕ್ಷರಗಳಲ್ಲಿ ಮೆರೆಯುತ್ತಿರುತ್ತವೆ. ಡೀಸೆಲಿನ ಹೊಗೆಯು ಕಡಲ ಗಾಳಿಯೊಡನೆ ಬೆರೆಯುತ್ತದೆ. ನಮ್ಮ ಕಡೆಯ ತೇರಿನ ಬೀದಿಯಲ್ಲಿ ಮುದುಕರು ಕೈಮುಗಿದು ನಿಲ್ಲುವ ಭಾವದಲ್ಲಿಯೇ, ಎಪ್ಪತ್ತು ಎಂಬತ್ತು ದಾಟಿದ ಚಾಲಕರು ಆ ವಾಹನಗಳ ಮುಂದೆ ಮೌನವಾಗಿ ನಿಂತಿರುವುದುಂಟು.

ಅವರು ನೋಡುತ್ತಿರುವುದು ಏನನ್ನು? ಚಕ್ರಗಳನ್ನೆ, ಎಂಜಿನನ್ನೆ, ಕಳೆದುಹೋದ ತಮ್ಮ ಯೌವನವನ್ನೆ? ಇವೆಲ್ಲವೂ ಇರಬಹುದು. ಆದರೆ ಇವೆಲ್ಲಕ್ಕಿಂತ ಆಳದಲ್ಲಿ ಮತ್ತೊಂದು ಸಂಗತಿಯಿದೆ ಎಂಬುದನ್ನು ತಿಳಿಯಬೇಕಾದರೆ, ಲಾರಿಯು ಹುಟ್ಟುವುದಕ್ಕೂ ಮುಂಚಿನ ವೇಲ್ಸಿನ ಹಾದಿಗಳನ್ನು ಒಮ್ಮೆ ತುಳಿದು ಬರಬೇಕು.

ಸುಂಕದ ಕಟ್ಟೆಯ ಕಾಲ

ವೇಲ್ಸಿನ ಸಾಗಣೆಯ ಆದಿಪುರುಷರು ದನ ಹೊಡೆಯುವವರು. ರೈಲು ಬರುವ ಮುನ್ನ, ಬೆಟ್ಟದ ಕಪ್ಪು ದನಗಳ ಮಂದೆಗಳನ್ನು ನೂರಾರು ಮೈಲಿ ನಡೆಸಿಕೊಂಡು ಇಂಗ್ಲೆಂಡಿನ ಸಂತೆಗಳಿಗೆ ಮುಟ್ಟಿಸುತ್ತಿದ್ದ ಇವರು, ದಾರಿಯ ಕಲ್ಲಿಗೆ ಗೊರಸು ಸವೆಯದಿರಲೆಂದು ದನಗಳಿಗೆ ಲಾಳ ಹೊಡೆಸುತ್ತಿದ್ದರು. ಪರರ ದನವನ್ನು ಒಯ್ದು, ಮಾರಿ, ಹಣವನ್ನು ತಂದು ಒಪ್ಪಿಸುವ ಈ ವೃತ್ತಿಗೆ ಮಾತೇ ಬಂಡವಾಳವಾಗಿತ್ತು.

1799ರಲ್ಲಿ ಲ್ಯಾಂಡವರಿ ಪಟ್ಟಣದಲ್ಲಿ ಈ ವ್ಯಾಪಾರವನ್ನೇ ಆಧಾರವಾಗಿಟ್ಟುಕೊಂಡು ಹುಟ್ಟಿದ ಬ್ಯಾಂಕಿಗೆ 'ಕಪ್ಪು ಎತ್ತಿನ ಬ್ಯಾಂಕು' ಎಂದೇ ಹೆಸರು ನಿಂತಿತು. ಅದು 1909ರಲ್ಲಿ ಲಾಯ್ಡ್ಸ್ ಬ್ಯಾಂಕಿನಲ್ಲಿ ಲೀನವಾಯಿತು.

ದನಕ್ಕೆ ಬೆಟ್ಟದ ಬಯಲು ಸಾಕು. ಗಾಡಿಗೆ ರಸ್ತೆ ಬೇಕು. ವೇಲ್ಸಿನ ಹುಳಿಮಣ್ಣಿಗೆ ಸುಣ್ಣ ಬೀಳದೆ ಹುಲ್ಲು ಚಿಗುರದು. ಆ ಸುಣ್ಣವನ್ನು ದೂರದ ಗೂಡುಗಳಿಂದ ಗಾಡಿಯಲ್ಲಿ ತರುವ ಬಡ ಒಕ್ಕಲಿಗನನ್ನು ದಾರಿಯುದ್ದಕ್ಕೂ ಸುಂಕದ ಕಟ್ಟೆಗಳು ಅಡ್ಡಗಟ್ಟುತ್ತಿದ್ದವು. ಸುಣ್ಣದ ಬೆಲೆಗಿಂತ ಸುಂಕವೇ ಹೆಚ್ಚಾದಾಗ, ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂದು ಕಂಡಾಗ, 1839ರ ಮೇ 13ರ ರಾತ್ರಿ ಎವೈಲ್‌ವೆನ್ ಎಂಬ ಹಳ್ಳಿಯಲ್ಲಿ ರೈತರು ಹೆಂಗಸರ ಉಡುಪು ತೊಟ್ಟು ಬಂದು ಸುಂಕದ ಗೇಟನ್ನು ಕಡಿದು ಕೆಡವಿದರು. ರೆಬೆಕ್ಕಾ ದಂಗೆಯೆಂದು ಚರಿತ್ರೆಯಲ್ಲಿ ಹೆಸರಾದ ಆ ಕೋಪವು 1843ರವರೆಗೂ ಉರಿಯಿತು. 1844ರ ಕಾನೂನು ದಕ್ಷಿಣ ವೇಲ್ಸಿನ ಸುಂಕದ ವ್ಯವಸ್ಥೆಯನ್ನೇ ತಿದ್ದಿತು.

ಒಂದು ಶತಮಾನದೊಳಗೆ ಅದೇ ಸೀಮೆಯ ಅದೇ ರಸ್ತೆಗಳ ಬದಿಯಲ್ಲಿ ಮತ್ತೊಂದು ಬಗೆಯ ಕಟ್ಟೆ ಎದ್ದಿತು. ಸುಂಕದ ಕಟ್ಟೆಯು ಬಂದವನನ್ನು ತಡೆದು ಕೇಳುತ್ತಿತ್ತು. ಹಾಲುಕಟ್ಟೆಯು ಯಾರನ್ನೂ ಕೇಳದೆ ತನ್ನಲ್ಲಿರುವುದನ್ನು ಒಪ್ಪಿಸುತ್ತಿತ್ತು. ಈ ಎರಡು ಕಟ್ಟೆಗಳ ನಡುವಣ ದೂರವೇ ವೇಲ್ಸಿನ ಗ್ರಾಮಜೀವನವು ನಡೆದ ದೂರವೆಂದರೆ ಅತಿಶಯವಾಗದು.

> ಬೆಟ್ಟದ ಬಾಯಲ್ಲಿ ಲಾರಿ
>
> ಲೋರಿ: ವೆಲ್ಷ್ ನುಡಿಯಲ್ಲಿ ಲಾರಿಗೆ ಇರುವ ಹೆಸರು. ನಮ್ಮಂತೆಯೇ ಅವರೂ ಪರಭಾಷೆಯ ಪದವನ್ನು ಮನೆಯ ಪದವನ್ನಾಗಿ ಮಾಡಿಕೊಂಡರು.
>
> ಲೋರಿ ಲೈತ್: ದಕ್ಷಿಣ ವೇಲ್ಸಿನಲ್ಲಿ ಹಾಲಿನ ಲಾರಿ. ಉತ್ತರದಲ್ಲಿ ಹಾಲಿಗೆ ಬೇರೆ ಪದವಿರುವುದರಿಂದ ಅದೇ ಲಾರಿ 'ಲೋರಿ ಲೆವ್ರಿತ್' ಆಗುತ್ತದೆ.
>
> ಗ್ಲೊ: ಕಲ್ಲಿದ್ದಲು. ಕಾಲ್ಖ್: ಸುಣ್ಣ.
>
> ಪೋರ್ತ್‌ಮೊನ್: ದನದ ಮಂದೆಯನ್ನು ಸಂತೆಗೆ ನಡೆಸುವವನು.
>
> ಬುಲ್ಖ್: ಎರಡು ಬೆಟ್ಟಗಳ ನಡುವಣ ಕಣಿವೆದಾರಿ, ನಮ್ಮ ಘಾಟಿ.
>
> ಜೋನ್ಸ್, ಡೇವಿಸ್, ಇವಾನ್ಸ್ ಎಂಬ ಕೆಲವೇ ಮನೆತನದ ಹೆಸರುಗಳು ಊರೆಲ್ಲ ಹರಡಿರುವ ಕಾರಣ, ವ್ಯಕ್ತಿಯ ಹೆಸರಿಗೆ ಕಸುಬನ್ನು ಸೇರಿಸಿ ಹಾಲಿನ ಜೋನ್ಸ್, ಕಲ್ಲಿದ್ದಲ ಇವಾನ್ಸ್ ಎಂದು ಕರೆಯುವುದು ಅಲ್ಲಿನ ವಾಡಿಕೆ.

ಯುದ್ಧವು ಬಿಟ್ಟುಹೋದ ಚಕ್ರಗಳು

ಮೊದಲನೆಯ ಮಹಾಯುದ್ಧವು ಹಳ್ಳಿಯ ಹುಡುಗರಿಗೆ ಕಲಿಸಿದ ವಿದ್ಯೆಗಳಲ್ಲಿ ಶಾಂತಿಕಾಲಕ್ಕೆ ಉಪಯೋಗಬಿದ್ದದ್ದು ಲಾರಿ ನಡೆಸುವ ವಿದ್ಯೆ. 1918ರ ಅನಂತರ, ಸೇನೆಯು ಕೈಬಿಟ್ಟ ಸಾವಿರಾರು ಲಾರಿಗಳು ಹರಾಜಿಗೆ ಬಂದಾಗ, ಊರಿಗೆ ಮರಳಿದ ಸೈನಿಕರು ತಮ್ಮ ಅಲ್ಪ ಗಂಟನ್ನು ಸುರಿದು ಅವುಗಳನ್ನು ಕೊಂಡರು.

ತನ್ನ ಹೆಸರು ಹೊತ್ತ ಹಳೆಯ ಲಾರಿಗಳು ಕೆಟ್ಟು ನಿಂತು ಅಪಕೀರ್ತಿ ತಾರದಿರಲೆಂದು ಲೇಲ್ಯಾಂಡ್ ಸಂಸ್ಥೆಯು ಆ ಲಾರಿಗಳನ್ನು ತಾನೇ ಮರಳಿ ಕೊಂಡು, ಬಿಚ್ಚಿ ದುರಸ್ತಿಮಾಡಿ, ಹೊಸ ಭರವಸೆಯೊಡನೆ ಮಾರಿದ್ದು ಆ ಕಾಲದ ಒಂದು ಸ್ಮರಣೀಯ ಪ್ರಸಂಗ.

ವಾರದ ದಿನಗಳಲ್ಲಿ ಕಲ್ಲಿದ್ದಲನ್ನೂ ಹಿಂಡಿಯ ಮೂಟೆಗಳನ್ನೂ ಹೊತ್ತ ಲಾರಿಯೇ, ಸಂತೆಯ ದಿನ ಹಲಗೆ ಕಳಚಿ ಬೆಂಚುಗಳಿರುವ ಮೇಲ್ಕಟ್ಟನ್ನು ಏರಿಸಿಕೊಂಡು ಬಸ್ಸಾಗುತ್ತಿತ್ತು; ಬೇಸಗೆಯಲ್ಲಿ ಪ್ರಾರ್ಥನಾಮಂದಿರದ ಮಕ್ಕಳನ್ನು ಕಡಲು ತೋರಿಸಲು ಕರೆದೊಯ್ಯುತ್ತಿತ್ತು. ಅಂದು ಮೊದಲ ಬಾರಿಗೆ ತಮ್ಮ ಕಣಿವೆಯ ಆಚೆಗೆ ಕಾಲಿಟ್ಟ ಮಕ್ಕಳಿಗೆ ಲಾರಿಯೆಂಬುದು ಸರಕಿನ ಗಾಡಿಯಾಗಿರಲಿಲ್ಲ. ಅದು ಲೋಕದ ಬಾಗಿಲಾಗಿತ್ತು.

ಎರಡನೆಯ ಯುದ್ಧವೂ ಇದೇ ಪಾಠವನ್ನು ಇನ್ನೂ ದೊಡ್ಡ ಪ್ರಮಾಣದಲ್ಲಿ ಪುನರಾವರ್ತಿಸಿತು. ಬೆಡ್‌ಫರ್ಡ್ ಒಂದೇ ಆ ಯುದ್ಧಕಾಲದಲ್ಲಿ ಸುಮಾರು 2,50,000 ಲಾರಿಗಳನ್ನು ತಯಾರಿಸಿತ್ತು. ಫಿರಂಗಿ ಎಳೆಯಲೆಂದು ಹುಟ್ಟಿದ, ನಾಲ್ಕು ಚಕ್ರಗಳಿಗೂ ಶಕ್ತಿ ಹರಿಯುವ ಎಇಸಿ ಮೆಟಡಾರ್ ಯುದ್ಧ ಮುಗಿದೊಡನೆ ವೇಲ್ಸಿನ ಕಾಡುಗಳನ್ನು ಹೊಕ್ಕು, ಕೆಸರಿನ ಇಳಿಜಾರುಗಳಿಂದ ಮರದ ದಿಮ್ಮಿಗಳನ್ನು ಎಳೆದು ತರುವ ಆನೆಯಾಯಿತು.

ಬಿಳಿಯ ಹೊಳೆ

1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ವೇಲ್ಸಿನ ಬೆಟ್ಟದ ರೈತನು ದನಕ್ಕೂ ಬೆಲೆಯಿಲ್ಲದೆ ಬೆಣ್ಣೆಗೂ ಬೆಲೆಯಿಲ್ಲದೆ ಕಂಗಾಲಾಗಿದ್ದನು. 1933ರಲ್ಲಿ ಸ್ಥಾಪಿತವಾದ ಹಾಲು ಮಾರಾಟ ಮಂಡಳಿಯು, ಹಿಡುವಳಿ ಎಷ್ಟೇ ಚಿಕ್ಕದಾಗಿರಲಿ, ಎಷ್ಟೇ ದೂರದಲ್ಲಿರಲಿ, ಅಲ್ಲಿನ ಹಾಲನ್ನು ಕೊಳ್ಳುವ ಹೊಣೆಯನ್ನು ಹೊತ್ತು, ತಿಂಗಳಿಗೊಮ್ಮೆ ತಪ್ಪದೆ ಹಣದ ಚೆಕ್ಕನ್ನು ಕಳುಹಿಸತೊಡಗಿದಾಗ, ಎಷ್ಟೋ ಮನೆಗಳ ಒಲೆಗಳು ಆರದೆ ಉಳಿದವು.

ಆದರೆ ಮಂಡಳಿಯ ವಚನವು ಕಾಗದದ ಮೇಲಿತ್ತು. ಅದನ್ನು ಬೆಟ್ಟದ ಬಾಗಿಲಿಗೆ ಮುಟ್ಟಿಸಿದವು ಲಾರಿಗಳು. ಓಣಿ ಓಣಿಯ ಕ್ಯಾನುಗಳನ್ನು ಕೂಡಿಸಿ ವಿಟ್‌ಲ್ಯಾಂಡಿನಂಥ ಹಾಲಿನ ಕೇಂದ್ರಗಳಿಗೆ ಅವು ತಂದೊಪ್ಪಿಸಿದ ಹಾಲು, ಅಲ್ಲಿಂದ ರೈಲಿನ ತೊಟ್ಟಿಗಳಲ್ಲಿ ರಾತ್ರಿಯಿಡೀ ಹರಿದು ಲಂಡನ್ನಿನ ಬಾಯಾರಿಕೆಯನ್ನು ತಣಿಸುತ್ತಿತ್ತು. ಆ ಮಹಾನಗರದ ಬೀದಿಗಳಲ್ಲಿ ಕಾರ್ಡಿಗನ್‌ಶೈರಿನಿಂದ ವಲಸೆ ಹೋದವರು ಹಾಲಿನಂಗಡಿಗಳನ್ನು ತೆರೆದಿದ್ದರು.

1881ರ ಕಾನೂನಿನ ಮೇರೆಗೆ ಭಾನುವಾರ ವೇಲ್ಸಿನ ಮದ್ಯದಂಗಡಿಗಳೆಲ್ಲ ಮುಚ್ಚಿರುತ್ತಿದ್ದವು. ಭಕ್ತರಾದ ರೈತರು ಅಂದು ನೇಗಿಲು ಮುಟ್ಟುತ್ತಿರಲಿಲ್ಲ. ಹಸುವಿನ ಕೆಚ್ಚಲಿಗೆ ಮಾತ್ರ ವಿಶ್ರಾಂತಿಯ ದಿನವೆಂಬುದಿಲ್ಲ. ಅದರ ಹಿಂದೆ ಹೊರಟ ಲಾರಿಗೂ ಇರಲಿಲ್ಲ. ವರ್ಷದ 365 ದಿನವೂ ಕಟ್ಟೆಯ ಬಳಿ ನಿಂತು ಹೊರಟ ವಾಹನವು ಆ ಚದುರಿದ ಒಂಟಿಮನೆಗಳ ಪಾಲಿಗೆ ಗಡಿಯಾರವೂ ಆಯಿತು, ಅಂಚೆಯೂ ಆಯಿತು, ಸಮಾಚಾರವೂ ಆಯಿತು.

ರೇಡಿಯೋದ ಬ್ಯಾಟರಿ, ಸೀಮೆಎಣ್ಣೆಯ ಡಬ್ಬ, ಔಷಧದ ಸೀಸೆ, ಪಟ್ಟಣಕ್ಕೆ ಹೊರಟ ಮುದುಕಿ: ಇವೆಲ್ಲವೂ ಕ್ಯಾನುಗಳ ನಡುವೆ ಜಾಗ ಪಡೆದವು. ಎರಡು ದಿನ ಕಟ್ಟೆಯ ಮೇಲೆ ಕ್ಯಾನು ಕಾಣದಿದ್ದರೆ, ಆ ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಿದ್ದಾರೆಂಬುದು ಚಾಲಕನಿಗೆ ಮೊದಲು ತಿಳಿಯುತ್ತಿತ್ತು.

ನೂರೆರಡು ಕುದುರೆಗಳು

ಆ ಲಾರಿಗಳನ್ನು ನಡೆಸುವುದು ಒಂದು ಶಾರೀರಿಕ ತಪಸ್ಸಾಗಿತ್ತು. ಕ್ಯಾಬಿನಿನಲ್ಲಿ ಬಿಸಿಗಾಳಿಯ ಸಾಧನವಿಲ್ಲ. ಎಂಜಿನಿನ ಮೇಲಣ ಉಬ್ಬಿನಿಂದ ಬಂದ ಶಾಖವೇ ಗತಿ. ಸ್ಟೇರಿಂಗಿಗೆ ಯಂತ್ರದ ನೆರವಿಲ್ಲ. ತೋಳಿನ ಬಲವೇ ಬಲ.

ಗೇರು ಬದಲಿಸಬೇಕಾದರೆ ಕ್ಲಚ್ಚನ್ನು ಒತ್ತಿ, ಗೇರನ್ನು ನಡುವಣ ಸ್ಥಾನಕ್ಕೆ ತಂದು, ಕ್ಲಚ್ಚನ್ನು ಬಿಟ್ಟು, ಎಂಜಿನಿನ ವೇಗವನ್ನು ಕಿವಿಯಿಂದಲೇ ಅಳೆದು, ಮರಳಿ ಕ್ಲಚ್ಚನ್ನು ಒತ್ತಿ, ಹಲ್ಲುಗಳು ಒಂದಕ್ಕೊಂದು ಮೆತ್ತಗೆ ಕೂಡುವ ಆ ಒಂದೇ ಕ್ಷಣವನ್ನು ಹಿಡಿಯಬೇಕು. ಹಿಡಿದವನು ಚಾಲಕ, ತಪ್ಪಿದವನ ತಪ್ಪನ್ನು ಕರಕರ ಸದ್ದು ಕಣಿವೆಗೆಲ್ಲ ಸಾರುತ್ತಿತ್ತು.

ಆ ಕಾಲದ ಲಾರಿಗಳ ಹೃದಯವೆಂದು ಹೊಗಳಿಸಿಕೊಂಡದ್ದು ಮ್ಯಾಂಚೆಸ್ಟರಿನ ಬಳಿಯ ಪ್ಯಾಟ್ರಿಕ್ರಾಫ್ಟಿನಲ್ಲಿ ತಯಾರಾಗುತ್ತಿದ್ದ ಗಾರ್ಡ್ನರ್ ಡೀಸೆಲ್ ಎಂಜಿನು. 1930ರ ದಶಕದ ಆರಂಭದಲ್ಲಿ ಬಂದ ಅದರ ಆರು ಸಿಲಿಂಡರಿನ '6ಎಲ್‌ಡಬ್ಲ್ಯು' ಮಾದರಿಯ ಶಕ್ತಿ 102 ಅಶ್ವಬಲ. ಇಂದಿನ ಸಾಧಾರಣ ಕಾರೊಂದಕ್ಕೆ ಇರುವಷ್ಟು ಶಕ್ತಿಯಿಂದ ಅದು ಎಂಟು ಚಕ್ರದ, ಒಟ್ಟು 22 ಟನ್ ಭಾರದ ಲಾರಿಯನ್ನು ಘಾಟಿಯ ಮೇಲಕ್ಕೆ ಎಳೆದೊಯ್ಯುತ್ತಿತ್ತೆಂದರೆ, ಅದರ ತಾಳ್ಮೆಯನ್ನು ಊಹಿಸಬಹುದು. ಅವಸರವೆಂಬುದು ಅದರ ಸ್ವಭಾವದಲ್ಲಿಯೇ ಇರಲಿಲ್ಲ.

ಅವಸರಕ್ಕೆ ಕಾನೂನಿನ ಒಪ್ಪಿಗೆಯೂ ಇರಲಿಲ್ಲ. ಭಾರಿ ಲಾರಿಗಳು ಗಂಟೆಗೆ 20 ಮೈಲಿಯನ್ನು ಮೀರಕೂಡದೆಂಬ ನಿಯಮವು 1957ರವರೆಗೂ ಜಾರಿಯಲ್ಲಿದ್ದು, ಆ ವರ್ಷ ಮಿತಿಯು 30ಕ್ಕೆ ಏರಿತು. ಬ್ಲೈನೈ ಫೆಸ್ಟಿನಿಯೊಗಿನ ಕಲ್ಲುಹಲಗೆಯನ್ನು ಹೇರಿಕೊಂಡು ಕ್ರೈಮಿಯಾ ಘಾಟಿಯನ್ನು ಹತ್ತುವವನಿಗೆ ಅಷ್ಟು ವೇಗವೂ ಕನಸಿನ ಮಾತು.

ಏರುವುದಕ್ಕಿಂತ ಇಳಿಯುವುದು ಕಠಿಣ. ಯಾವ ಗೇರಿನಲ್ಲಿ ಬೆಟ್ಟವನ್ನು ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕೆಂಬುದು ಹಿರಿಯರು ಕಿರಿಯರಿಗೆ ಕೊಟ್ಟ ಮೊದಲ ಉಪದೇಶ. ಟ್ರೆಕ್ಯಾಸಲ್ ಮತ್ತು ಲ್ಯಾಂಡವರಿಗಳ ನಡುವೆ, ಎ40 ಹೆದ್ದಾರಿಯ ಅಂಚಿನಲ್ಲಿ ಒಂದು ಕಲ್ಲಿನ ಸ್ತಂಭವಿದೆ. 1835ರಲ್ಲಿ ಕುಡಿದ ಅಮಲಿನ ಸಾರಥಿಯೊಬ್ಬನು ಅಂಚೆಯ ಸಾರೋಟನ್ನು ಅಲ್ಲಿಂದ ಪ್ರಪಾತಕ್ಕೆ ಉರುಳಿಸಿದನು. ಮುಂದಿನವರಿಗೆ ಎಚ್ಚರಿಕೆಯಾಗಲೆಂದು 1841ರಲ್ಲಿ ಆ ಕಂಬವನ್ನು ನಿಲ್ಲಿಸಿದರು. ಕುದುರೆಯ ಸಾರಥಿಗಾಗಿ ಕೆತ್ತಿದ ಬುದ್ಧಿಮಾತು ಶತಮಾನದ ತರುವಾಯ ಲಾರಿಯ ಸಾರಥಿಗೂ ಸಲ್ಲುವಂಥದಾಗಿತ್ತು.

ಸರಕನ್ನು ಕಟ್ಟುವುದೂ ಒಂದು ಕಲೆ. ತಾಡಪಾಲನ್ನು ಮಳೆನೀರು ನಿಲ್ಲದಂತೆ ಮಡಿಸಿ ಹೊದಿಸಿ, ಹಗ್ಗವನ್ನು ಕೊಕ್ಕೆಯಿಂದ ಕೊಕ್ಕೆಗೆ ಎಳೆದು, 'ಡಾಲಿ' ಎಂದು ಕರೆಯುವ ಜಾರುಗಂಟಿನಿಂದ ಬಿಗಿದರೆ, ನೂರು ಮೈಲಿಯ ಕುಲುಕಾಟಕ್ಕೂ ಅದು ಸಡಿಲವಾಗದು. ಬಿಚ್ಚುವಾಗ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವುದು. ಗಂಟನ್ನು ನೋಡಿಯೇ ಕಟ್ಟಿದವನಾರೆಂದು ಬಲ್ಲವರು ಹೇಳುತ್ತಿದ್ದರು.

> ಹೆಸರುವಾಸಿ ಲಾರಿಗಳು
>
> ಬೆಡ್‌ಫರ್ಡ್: 1931ರಲ್ಲಿ ಲೂಟನ್ ಪಟ್ಟಣದಲ್ಲಿ ಆರಂಭ. ಹಗುರ, ಅಗ್ಗ, ಸರಳ. ರೈತಾಪಿ ಸಾಗಣೆಗೆ ಹೇಳಿಮಾಡಿಸಿದ ಲಾರಿ. 1960ರಲ್ಲಿ ಬಂದ ಇದರ 'ಟಿಕೆ' ಮಾದರಿಯಲ್ಲಿ ಎಂಜಿನು ಆಸನದ ಹಿಂದಕ್ಕೆ ಸರಿಯಿತು.
>
> ಫೋಡನ್, ಇಆರ್‌ಎಫ್: ಚೆಷೈರಿನ ಸ್ಯಾಂಡ್‌ಬ್ಯಾಚ್ ಎಂಬ ಒಂದೇ ಊರಿನ ಎರಡು ಮನೆಗಳು. ಫೋಡನ್ ಮನೆತನದ ಎಡ್ವಿನ್ ರಿಚರ್ಡ್ ಫೋಡನ್ 1933ರಲ್ಲಿ ಬೇರೆಯಾಗಿ ತನ್ನ ಹೆಸರಿನ ಮೊದಲಕ್ಷರಗಳಿಂದಲೇ ಇಆರ್‌ಎಫ್ ಸ್ಥಾಪಿಸಿದನು.
>
> ಅಟ್ಕಿನ್‌ಸನ್: ಮೂತಿಯ ಮೇಲೆ ವೃತ್ತದೊಳಗಣ ದೊಡ್ಡ 'ಎ' ಅಕ್ಷರ ಇದರ ಗುರುತು. 1970ರಲ್ಲಿ ಸೆಡನ್ ಸಂಸ್ಥೆಯೊಡನೆ ಕೂಡಿತು.
>
> ಲೇಲ್ಯಾಂಡ್ ಕಾಮೆಟ್: 1947ರಲ್ಲಿ ಬಂದ ಮಾದರಿ. ಮದರಾಸಿನಲ್ಲಿ 1948ರಲ್ಲಿ ಹುಟ್ಟಿದ ಅಶೋಕ್ ಮೋಟಾರ್ಸ್, ಲೇಲ್ಯಾಂಡಿನೊಡನೆ ಕೂಡಿ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಗಿ, ಎಣ್ಣೂರಿನ ಕಾರ್ಖಾನೆಯಿಂದ ಇದೇ ಕಾಮೆಟ್ಟನ್ನು ದಕ್ಷಿಣ ಭಾರತದ ರಸ್ತೆಗಳಿಗೆ ಇಳಿಸಿತು. ಹಿಂದುಸ್ಥಾನ್ ಮೋಟಾರ್ಸ್ ಬೆಡ್‌ಫರ್ಡ್ ಲಾರಿಗಳನ್ನು ತಯಾರಿಸಿತು. ನಮ್ಮ ಘಾಟಿಗಳಲ್ಲಿ ಏದುಸಿರುಬಿಟ್ಟ ಎಷ್ಟೋ ಲಾರಿಗಳು ವೇಲ್ಸಿನ ಲಾರಿಗಳಿಗೆ ಒಡಹುಟ್ಟಿದವು.

ಸುಣ್ಣ, ಕಿಟ್ಟ, ಹಿಮ

ರೆಬೆಕ್ಕಾ ದಂಗೆಯ ಕಾಲದಲ್ಲಿ ಸುಂಕ ತೆತ್ತು ತರುತ್ತಿದ್ದ ಸುಣ್ಣಕ್ಕೆ, 1937ರಲ್ಲಿ ಸರಕಾರವೇ ಅರ್ಧ ಬೆಲೆಯನ್ನು ಕೊಡತೊಡಗಿತು. ಯುದ್ಧಾನಂತರ ಸೇನೆಯ ಹಳೆಯ ಲಾರಿಗಳು ಸುಣ್ಣದ ಪುಡಿಯನ್ನು ಹೊತ್ತು, ಕುರಿಯೂ ಹತ್ತಲು ಯೋಚಿಸುವ ಇಳಿಜಾರುಗಳಿಗೆ ಏರಿ ಎರಚಿದವು. ಕೆಲಸ ಮುಗಿಸಿ ಕೆಳಗಿಳಿದ ಚಾಲಕನು ಹುಬ್ಬಿನಿಂದ ಹೆಜ್ಜೆಯವರೆಗೆ ಬೆಳ್ಳಗಾಗಿರುತ್ತಿದ್ದನು.

ದಕ್ಷಿಣದ ಉಕ್ಕಿನ ಕುಲುಮೆಗಳಲ್ಲಿ ಉಳಿದ ಕಿಟ್ಟವು ರಂಜಕಯುಕ್ತವಾದ್ದರಿಂದ, ಅದನ್ನು ನುಣ್ಣಗೆ ಪುಡಿಮಾಡಿ ಗೊಬ್ಬರವಾಗಿ ಹಳ್ಳಿಗೆ ಸಾಗಿಸುತ್ತಿದ್ದರು. ಕೈಗಾರಿಕೆಯ ಕಸವು ಬೆಟ್ಟದ ಹಸುರಾಗಿ, ಆ ಹಸುರು ಹಾಲಾಗಿ, ಹಾಲು ಗಣಿಗಾರನ ಮಗುವಿನ ಬಾಯಿಗೆ ಮರಳುತ್ತಿದ್ದ ಈ ಚಕ್ರವನ್ನು ತಿರುಗಿಸಿದ್ದು ಲಾರಿಯ ಚಕ್ರವೇ.

1947ರ ಚಳಿಗಾಲವನ್ನು ವೇಲ್ಸು ಮರೆತಿಲ್ಲ. ಜನವರಿಯ ಕೊನೆಯಿಂದ ಮಾರ್ಚಿನವರೆಗೆ ಹಿಮವು ಬೇಲಿಗಳನ್ನು ನುಂಗಿ, ರಸ್ತೆಯಾವುದು ಹೊಲವಾವುದೆಂದು ತಿಳಿಯದಂತೆ ಮುಚ್ಚಿತು. ಲಾರಿಯು ಬರಲಾರದ ದಿನಗಳಲ್ಲಿ ರೈತರು ಕ್ಯಾನುಗಳನ್ನು ಜಾರುಬಂಡಿಗಳ ಮೇಲೆ ಹೇರಿ, ಕುದುರೆಯಿಂದಲೋ ಟ್ರಾಕ್ಟರಿನಿಂದಲೋ ಎಳೆಸಿ, ಚಕ್ರ ಓಡುವ ರಸ್ತೆಯವರೆಗೆ ತಂದರು.

1963ರ ಚಳಿಯಲ್ಲಿ ಡೀಸೆಲೇ ಮೇಣದಂತೆ ಗಟ್ಟಿಯಾದಾಗ, ಚಾಲಕರು ಟ್ಯಾಂಕಿನ ಅಡಿಯಲ್ಲಿ ಎಣ್ಣೆಬಟ್ಟೆಯನ್ನು ಉರಿಸಿ ಅದನ್ನು ಕರಗಿಸುವ ಸಾಹಸಕ್ಕೂ ಇಳಿದರು. ಕಟ್ಟೆಯ ಮೇಲೆ ಹಾಲು ಕಾದಿದೆ ಎಂಬ ಒಂದು ಅರಿವು ಮನುಷ್ಯನಿಂದ ಇಷ್ಟನ್ನೆಲ್ಲ ಮಾಡಿಸಿತು.

> ಕಾನೂನಿನ ಮೈಲಿಗಲ್ಲುಗಳು
>
> 1933: ಸಾಗಣೆಗೆ ಪರವಾನಗಿ ಕಡ್ಡಾಯ. ಬಾಡಿಗೆಗೆ ಸಾಗಿಸುವವನಿಗೆ 'ಎ', ಸ್ವಂತ ಸರಕನ್ನು ಮಾತ್ರ ಸಾಗಿಸುವವನಿಗೆ 'ಸಿ', ಎರಡನ್ನೂ ಮಿತಿಯೊಳಗೆ ಮಾಡುವವನಿಗೆ 'ಬಿ'.
>
> 1948: ರಾಷ್ಟ್ರೀಕರಣದ ಫಲವಾಗಿ ಬ್ರಿಟಿಷ್ ರೋಡ್ ಸರ್ವಿಸಸ್ ಹುಟ್ಟಿತು. ತಮ್ಮ ನೆಲೆಯಿಂದ 25 ಮೈಲಿಗೂ ಆಚೆ ಬಾಡಿಗೆ ಸಾಗಣೆ ನಡೆಸುತ್ತಿದ್ದ ಅನೇಕ ಖಾಸಗಿ ಸಂಸ್ಥೆಗಳು ಸರಕಾರದ ವಶವಾದವು.
>
> 1953: ಹೊಸ ಕಾನೂನು ಲಾರಿಗಳನ್ನು ಖಾಸಗಿಯವರಿಗೆ ಮರಳಿ ಮಾರಲು ದಾರಿಮಾಡಿತು.
>
> 1968: ಹಳೆಯ ಎ, ಬಿ, ಸಿ ಪರವಾನಗಿಗಳಿಗೆ ಮುಕ್ತಾಯ, ಲಾರಿಯ ಸುರಕ್ಷತೆಯನ್ನೂ ಒಡೆಯನ ಯೋಗ್ಯತೆಯನ್ನೂ ನೋಡುವ ಪದ್ಧತಿಗೆ ಅಡಿಪಾಯ.

ಹಳಿ ಹೋಯಿತು, ಸೇತುವೆ ಬಂತು

ರೈಲುದಾರಿಗಳ ಕಡಿತವನ್ನು ಸೂಚಿಸಿ 1963ರಲ್ಲಿ ಪ್ರಕಟವಾದ ಬೀಚಿಂಗ್ ವರದಿಯ ಆಸುಪಾಸಿನ ವರ್ಷಗಳಲ್ಲಿ ವೇಲ್ಸಿನ ಹಳ್ಳಿಗಾಡಿನ ರೈಲುದಾರಿಗಳು ಒಂದೊಂದಾಗಿ ಮುಚ್ಚಿದವು. ಕಾರ್ಮಾರ್ಥೆನ್ನಿನಿಂದ ಅಬರಿಸ್ಟ್ವಿತ್ತಿಗೆ ಹೋಗುತ್ತಿದ್ದ ರೈಲಿಗೆ 1965ರಲ್ಲಿ ಪ್ರಯಾಣಿಕರ ಸಂಚಾರ ನಿಂತುಹೋಯಿತು. ಆ ದಾರಿಯ ಒಂದು ಭಾಗವನ್ನು ಇನ್ನೂ ಕೆಲವು ವರ್ಷ ಬದುಕಿಸಿಟ್ಟದ್ದು ಹಾಲಿನ ಸಾಗಣೆ. 1973ರಲ್ಲಿ ಅದೂ ನಿಂತಿತು. ರೈಲು ಇಳಿಸಿದ ಹೊರೆಯೆಲ್ಲ ಲಾರಿಯ ಬೆನ್ನಿಗೆ ಬಂತು.

ಇನ್ನೊಂದೆಡೆ, ಅದುವರೆಗೆ ಗ್ಲಾಸ್ಟರನ್ನು ಬಳಸಿ ಸುತ್ತಿಹೋಗುತ್ತಿದ್ದ ದಕ್ಷಿಣ ವೇಲ್ಸಿನ ಭಾರಿ ಲಾರಿಗಳಿಗೆ, 1966ರ ಸೆಪ್ಟೆಂಬರ್ 8ರಂದು ತೆರೆದ ಸೆವರ್ನ್ ಸೇತುವೆಯು ನೇರ ದಾರಿಯನ್ನು ಕೊಟ್ಟಿತು. ಅದನ್ನು ದಾಟಲು ಸುಂಕವಿತ್ತು. ರೆಬೆಕ್ಕಾ ದಂಗೆಯ ನಾಡಿನ ಬಾಗಿಲಲ್ಲಿದ್ದ ಆ ಸುಂಕವು ತೊಲಗಿದ್ದು 2018ರ ಡಿಸೆಂಬರ್ 17ರಂದು.

ಮಾರ್ಗವು ಹಿಗ್ಗಿತು, ಲಾರಿಯು ಬೆಳೆಯಿತು, ಹಿಡುವಳಿಗಳು ಕೂಡಿ ದೊಡ್ಡವಾದವು. ಕೊಟ್ಟಿಗೆಯಲ್ಲಿಯೇ ಹಾಲನ್ನು ತಂಪಾಗಿಡುವ ಉಕ್ಕಿನ ತೊಟ್ಟಿಗಳು ಬಂದು, ಟ್ಯಾಂಕರು ಅಂಗಳಕ್ಕೇ ನುಗ್ಗಿ ಕೊಳವೆಯಿಂದ ಹಾಲನ್ನು ಹೀರತೊಡಗಿತು. 1979ರಲ್ಲಿ ಇಂಗ್ಲೆಂಡು ಮತ್ತು ವೇಲ್ಸುಗಳಲ್ಲಿ ಕ್ಯಾನಿನ ಹಾಲಿನ ಸಂಗ್ರಹವು ಸಂಪೂರ್ಣವಾಗಿ ನಿಂತಿತು. ಟ್ಯಾಂಕರನ್ನು ಬರಮಾಡಿಕೊಳ್ಳುವಷ್ಟು ಅಗಲದ ದಾರಿಯೂ ತೊಟ್ಟಿ ಕೊಳ್ಳುವಷ್ಟು ಗಂಟೂ ಇಲ್ಲದ ಎಷ್ಟೋ ಸಣ್ಣ ಒಕ್ಕಲುಗಳು ಹಾಲಿನ ಕಸುಬನ್ನೇ ಬಿಟ್ಟವು.

ಹೊಸ ಪದ್ಧತಿಯು ಶುಚಿಯಾದದ್ದು, ವೇಗವಾದದ್ದು, ಚಾಲಕನ ಬೆನ್ನೆಲುಬಿಗೆ ಕರುಣೆ ತೋರುವಂಥದು. ಇದನ್ನು ಒಪ್ಪದಿರುವುದು ಅನ್ಯಾಯ. ಆದರೂ ಕಳೆದದ್ದನ್ನು ಕಳೆದದ್ದೆಂದು ಹೇಳಬೇಕು. ಪ್ರತಿದಿನವೂ ಒಬ್ಬ ಮನುಷ್ಯನು ಮತ್ತೊಬ್ಬನ ಮನೆಯ ತುದಿಯಲ್ಲಿ ನಿಂತು, ಅವನು ಕಣ್ಣಿಗೆ ಬೀಳದಿದ್ದರೂ ಅವನ ಕ್ಷೇಮವನ್ನು ಅರಿತು ಮುಂದೆ ಸಾಗುತ್ತಿದ್ದ ಆ ನಡೆ ಹೋಯಿತು.

ಕೈಗಳ ನೆನಪು

ಹಳೆಯ ವಾಣಿಜ್ಯ ವಾಹನಗಳನ್ನು ಉಳಿಸಬೇಕೆಂಬ ಚಳವಳಿ ಬ್ರಿಟನ್ನಿನಲ್ಲಿ 1950ರ ದಶಕದ ಕೊನೆಯಲ್ಲಿಯೇ ಸಂಘಟಿತವಾಯಿತು. 40 ವರ್ಷ ದಾಟಿದ ವಾಹನಕ್ಕೆ ಅಲ್ಲಿ ರಸ್ತೆ ತೆರಿಗೆಯ ವಿನಾಯಿತಿಯೂ ಉಂಟು. ಆದರೆ ತೆರಿಗೆ ಉಳಿಯಿತೆಂದು ಯಾರೂ ಲಾರಿಯನ್ನು ಉಳಿಸುವುದಿಲ್ಲ.

ಕಣಜದ ಹಿಂದೆ ಕೋಳಿಗಳ ಗೂಡಾಗಿ, ಮುಳ್ಳುಬಳ್ಳಿ ಹಬ್ಬಿ, ಎರಡು ಮೂರು ದಶಕ ಮಳೆಯಲ್ಲಿ ನೆನೆದ ಅಟ್ಕಿನ್‌ಸನ್ನೋ ಫೋಡನ್ನೋ ಒಂದನ್ನು ಮತ್ತೆ ರಸ್ತೆಗೆ ತರುವುದು ವರ್ಷಗಟ್ಟಲೆಯ ಶ್ರಮ. ಹೊರಗಿನ ತಗಡಿನ ಒಳಗೆ ಕ್ಯಾಬಿನಿನ ಚೌಕಟ್ಟು ಆಶ್ ಮರದ್ದು. ಅದು ಲಡ್ಡಾಗಿದ್ದರೆ ಬಡಗಿಯ ಕೆಲಸ. ಬಾಗಿಲಿನ ಬರೆಹಕ್ಕೆ ಕುಂಚದ ಕೈ ಬೇಕು. ಬಿಡಿಭಾಗ ಕೇಳೋಣವೆಂದರೆ ಮಾಡಿದವರೇ ಇಲ್ಲ: ಗಾರ್ಡ್ನರ್ ಎಂಜಿನಿನ ತಯಾರಿಕೆ 1990ರ ದಶಕದಲ್ಲಿ ನಿಂತಿತು, ಫೋಡನ್ 2006ರಲ್ಲಿಯೂ ಇಆರ್‌ಎಫ್ 2007ರಲ್ಲಿಯೂ ಬಾಗಿಲು ಹಾಕಿದವು.

ಆದಕಾರಣ, ಉಳಿಸುವವರು ಉಳಿಸುತ್ತಿರುವುದು ಕಬ್ಬಿಣವನ್ನಷ್ಟೇ ಅಲ್ಲ. ಕಬ್ಬಿಣವನ್ನು ಬಲ್ಲ ಕೈಗಳ ವಿದ್ಯೆಯನ್ನು. ಗೇರಿನ ಹಲ್ಲು ಕೂಡುವ ಕ್ಷಣವನ್ನು ಪುಸ್ತಕವು ಕಲಿಸಲಾರದು. ಡಾಲಿ ಗಂಟನ್ನು ಚಿತ್ರವು ಬಿಗಿಯಲಾರದು. ಅಜ್ಜನ ಪಕ್ಕದಲ್ಲಿ ಕುಳಿತು, ಅವನ ಕೈಯ ಮೇಲೆ ಕೈಯಿಟ್ಟು, ಮೊಮ್ಮಗಳು ಅದನ್ನು ಕಲಿಯಬೇಕು. ಉತ್ಸವದ ಮೈದಾನದಲ್ಲಿ ಮುದುಕರು ಮೌನವಾಗಿ ನಿಲ್ಲುವುದು, ಆ ವಿದ್ಯೆಯು ತಮ್ಮೊಡನೆ ಮುಗಿಯದಿರಲಿ ಎಂಬ ಹಾರೈಕೆಯಿಂದ.

ಪಶ್ಚಿಮ ವೇಲ್ಸಿನ ಓಣಿಗಳಲ್ಲಿ ಹಾಲುಕಟ್ಟೆಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ಕೆಲವನ್ನು ಬಳ್ಳಿ ಮುಚ್ಚಿದೆ. ಕೆಲವುಗಳ ಮೇಲೆ ಯಾರೋ ಹೂಕುಂಡಗಳನ್ನಿಟ್ಟಿದ್ದಾರೆ. ಶಾಲೆಯ ಬಸ್ಸಿಗೆ ಕಾಯುವ ಮಕ್ಕಳು ಕೆಲವುಗಳ ಮೇಲೆ ಕಾಲು ಇಳಿಬಿಟ್ಟು ಕೂರುತ್ತಾರೆ. ಈ ಕಲ್ಲು ಇಷ್ಟೇ ಎತ್ತರಕ್ಕೆ ಏಕಿದೆಯೆಂದು ಆ ಮಕ್ಕಳಿಗೆ ತಿಳಿಯದು. ಇಂದಿನ ಟ್ಯಾಂಕರಿಗೂ ಅದಕ್ಕೂ ಯಾವ ಅಳತೆಯ ಸಂಬಂಧವೂ ಇಲ್ಲ.

ಆದರೆ ಬಣ್ಣ ಬಳಿಸಿಕೊಂಡು ಉತ್ಸವದಿಂದ ಮನೆಗೆ ಮರಳುವ ಹಳೆಯ ಬೆಡ್‌ಫರ್ಡೊಂದನ್ನು, ದಾರಿಯಲ್ಲಿ ಅಂಥ ಕಟ್ಟೆಯ ಪಕ್ಕಕ್ಕೆ ಮೆಲ್ಲನೆ ತಂದು ನಿಲ್ಲಿಸಿದರೆ, ಕಲ್ಲಿನ ಮೇಲಣ ಮಗುವು ಒಂದು ಹೆಜ್ಜೆಯಿಟ್ಟು, ಏರದೆ ಇಳಿಯದೆ, ನೇರವಾಗಿ ಲಾರಿಯ ಹಲಗೆಯ ಮೇಲೆ ನಡೆದುಬಿಡಬಹುದು. ರೈತನು ಕಟ್ಟಿದ ಕಲ್ಲಿಗೂ ಚಾಲಕನು ತಂದ ಮರಕ್ಕೂ ನಡುವೆ ಅಂತರವಿಲ್ಲವೆಂಬುದನ್ನು ಅದರ ಅಂಗಾಲೇ ಅರಿತುಕೊಳ್ಳುವುದು.